ಒಂದು ತಾಸಿನ್ಯಾಗ ಹದಿನೈದು ತಾಸು

ಗಿರ್ಮಿಟ್ ಪ್ಲೇಟು ಬರುವುದರೊಳಗೇ ಬಸ್ಯಾ ಬಾಂಗ್ಲಾದೇಶದ ಮೇಲೆ ಹರಿಹಾಯ್ದಿದ್ದ.

"ನಮ್ಮ ಎರಡು ಪಟ್ಟಿಗಿಂತಾ ಹೆಚ್ಚು ಬಟ್ಟಿ ಹೊರದೇಶಕ್ಕ ಮಾರ್ತಾರಂತ್ರೀ! ಅಂಗೈಯಷ್ಟು ದೇಶ. ನಮ್ಮ ಮಂದಿಗೆ ಮೈ ಮುರದು ದುಡಿಯೂದ ಬ್ಯಾಡಾಗೇದ. ತಾಸಿಗೊಮ್ಮೆ ಚಾ, ತಾಸಿಗೊಮ್ಮೆ ತಂಬಾಕ."

ಮುಂಜಾನೆಯಿಂದ ನಾಲ್ಕನೇ ಚಾ ಕುಡಿಯುತ್ತ ಹೇಳಿದ ಮಾತು ಇದು. ಬಸ್ಯಾ ಹುಬ್ಬಳ್ಳಿಯ ಗೋಕುಲ ರೋಡಿನ ಕಡೆ ಒಂದು ಗಾರ್ಮೆಂಟಿನಲ್ಲಿ ಲೈನ್ ಸೂಪರ್‌ವೈಸರ್. ಅವನಿಗೆ ಮ್ಯಾನೇಜರ್ ಬಯ್ದ ದಿನ ನಮಗೆ ಅರ್ಥಶಾಸ್ತ್ರದ ಪಾಠ ಇದ್ದೇ ಇರುತ್ತದೆ.

ಧಾರವಾಡದಿಂದ ಚಿಗರಿ ಬಸ್ಸು ಹಿಡಿದು ಬಂದಿದ್ದ ಮಾಸ್ತರ್ರು ಚಷ್ಮಾ ಒರೆಸಿಕೊಂಡರು. "ಮೊದಲ ಭಾಗಾಕಾರ ಕಲಿಯೋ. ಒಟ್ಟು ಎಷ್ಟು ಮಾರಿದ್ರು ಅನ್ನೂದು ಉತ್ಪಾದಕತೆ ಅಲ್ಲ. ಅಲ್ಲೆ ಹೊಲಿಗಿ ಕೆಲಸಕ್ಕ ಹೆಚ್ಚೂಕಡಿಮಿ 40 ಲಕ್ಷ ಮಂದಿ ಅದಾರ. ಒಬ್ಬಾಕಿ, ಒಂದು ತಾಸಿಗೆ, ಎಷ್ಟು? ಅದನ್ನ ಹೇಳು. ಅವರದ ಬ್ಯಾಡ, ನಿನ್ನ ಲೈನಿಂದ ಹೇಳು."

ಬಸ್ಯಾ ಗಿರ್ಮಿಟ್ ಕಟ್ಟುವ ಪೇಪರಿನ ತುಂಡು ಎಳೆದುಕೊಂಡು ಲೆಕ್ಕ ಹಾಕಿದ. ಒಂದು ಶರ್ಟಿಗೆ ಕಾಲರಿನಿಂದ ಗುಂಡಿತನಕ 20 ಮಿನಿಟಿನ ಕೆಲಸ ಅಂತ ಗಡಿಯಾರ ಹಿಡಿದು ಬರೆದಿಟ್ಟಿದ್ದಾರೆ. ಲೈನಿನಲ್ಲಿ 30 ಮಂದಿ. ತಾಸಿಗೆ 1,800 ಮಿನಿಟು, ಅಂದರೆ 90 ಶರ್ಟು.

"ಬಂದದ್ದೆಷ್ಟು?"

"45."

"ಅಂದ್ರ ಉಳಿದ 900 ಮಿನಿಟು?"

ರಿಟೈರಾದ ಈರಣ್ಣ ಬೆರಳು ಮಡಚಿ ಎಣಿಸಿ ಹೌಹಾರಿದ. "ಲೇ, ಹದಿನೈದು ತಾಸಾತು! ಒಂದು ತಾಸಿನ್ಯಾಗ ಹದಿನೈದು ತಾಸು ಕಳದೀಯಲ್ಲೋ. ನಾ 36 ವರ್ಷ ನೌಕರಿ ಮಾಡಿದೆ, ನನ್ನ ಕೈಲೆ ಇದು ಆಗಿದ್ದಿಲ್ಲ."

ತಂಬಾಕಿಗೆ ಹೋದದ್ದೆಷ್ಟು ಅಂತ ವಿಚಾರಣೆ ನಡೆಯಿತು. ಐದು ಮಿನಿಟೂ ಸಿಗಲಿಲ್ಲ. ಗುಂಡಿಯ ತೂತು ಹೊಲಿಯುವ ಕಾಜಾ ಮಶೀನಿನ ಸೂಜಿ ಮುರಿದಿತ್ತು, ಫಿಟ್ಟರ್ ಇನ್ನೊಂದು ಶೆಡ್ಡಿನಲ್ಲಿದ್ದ. ಕಟಿಂಗ್‌ನಿಂದ ಕಾಲರಿನ ಬಂಡಲ್ ಬಂದಿರಲಿಲ್ಲ. ನಡುವೆ ಕರೆಂಟು ಹೋಗಿತ್ತು. ಕಾಜಾ ನಿಂತರೆ ಗುಂಡಿ ಹಚ್ಚುವಾಕಿ ನಿಂತಳು, ಆಕಿ ನಿಂತರೆ ಇಸ್ತ್ರಿಯವ ನಿಂತ.

"ಹೆಣ್ಮಕ್ಕಳು ಏನು ಮಾಡ್ತಿದ್ರು?"

"ಕುಂತಿದ್ರು."

"ನೀ?"

"ಬಯ್ತಿದ್ದೆ."

"ಬಯ್ಯೂದಕ್ಕ ಎಷ್ಟು ಮಿನಿಟು ಅಂತ ಬರದಾರ?"

ಬಸ್ಯಾ ಪೇಪರು ಮಡಚಿದ. ಮಾಸ್ತರ್ರಿಗೆ ಹುರುಪು ಬಂತು. 1979ರಲ್ಲಿ ಬಾಂಗ್ಲಾದವರು 'ದೇಶ್' ಅನ್ನುವ ಗಾರ್ಮೆಂಟ್ ಕಂಪನಿ ಕಟ್ಟುವಾಗ 130 ಮಂದಿಯನ್ನು ದಕ್ಷಿಣ ಕೊರಿಯಾದ ಬುಸಾನಿಗೆ, ದೇವೂ ಕಂಪನಿಯ ಫ್ಯಾಕ್ಟರಿಗೆ ಕಲಿಯಲು ಕಳಿಸಿದ್ದರಂತೆ. "ಹೊಲಿಯೂದು ಎಲ್ಲಾರಿಗೂ ಬರ್ತಿತ್ತೋ. ಮಾಲು ನಿಲ್ಲದಂಗ ಲೈನು ಹೆಂಗ ಹರೀಬೇಕು, ಅದನ್ನ ಕಲತು ಬಂದ್ರು. ಆಮ್ಯಾಲ ಅವರೊಳಗ ಭಾಳ ಮಂದಿ ಕಂಪನಿ ಬಿಟ್ಟು ತಾವ ಫ್ಯಾಕ್ಟರಿ ಹಾಕಿದ್ರು. ನಾವೇನು ಮಾಡಿದ್ವಿ? 2000ದ ಜವಳಿ ನೀತಿ ಬರೂತನಕ ಸಿದ್ಧ ಉಡುಪು ಸಣ್ಣ ಕೈಗಾರಿಕೆಗೆ ಮೀಸಲು ಅಂದ್ವಿ. ದೊಡ್ಡದು ಕಟ್ಟಬ್ಯಾಡ ಅಂದ್ರ ಮಾಲಕ ಏನು ಮಾಡ್ಯಾನು?"

"ಹೆಂಡ್ತಿ ಹೆಸರಿಲೆ ಒಂದು ಶೆಡ್ಡು, ಅಳಿಯನ ಹೆಸರಿಲೆ ಒಂದು," ಅಂದ ಈರಣ್ಣ. "ಫಿಟ್ಟರ್ ಮಾತ್ರ ಒಬ್ಬನ."

"ಹಂಗಾರ ಬಾಂಗ್ಲಾದವ್ರ ಶಾಣ್ಯಾ ಅಂದಂಗಾತು," ಬಸ್ಯಾನಿಗೆ ಕಹಿಯಾಯಿತು.

"ಪೂರ್ತಿ ಕೇಳು. 2013ರಾಗ ಅಲ್ಲೆ ಗಾರ್ಮೆಂಟ್ ಫ್ಯಾಕ್ಟರಿಗಳಿದ್ದ ರಾಣಾ ಪ್ಲಾಜಾ ಕಟ್ಟಡ ಬಿತ್ತಲ್ಲ, 1,100ಕ್ಕೂ ಹೆಚ್ಚು ಮಂದಿ ಸತ್ರು. ಹಿಂದಿನ ದಿನಾನ ಗ್ವಾಡಿ ಬಿರುಕು ಬಿಟ್ಟಿದ್ದು ಕಂಡಿತ್ತು. ಟಾರ್ಗೆಟ್ ಅದ ಅಂತ ಒಳಗ ಕಳಿಸಿದ್ರು."

ಸ್ವಲ್ಪ ಹೊತ್ತು ಯಾರೂ ಚುರುಮುರಿ ಬಾಯಿಗೆ ಹಾಕಲಿಲ್ಲ. ಗಿರ್ಮಿಟ್ ಅಂಗಡಿಯ ಕಾಕಾ ಮಾತ್ರ ಗೊಜ್ಜು ಕಲಸುತ್ತ, ಪುಠಾಣಿ ಹಿಟ್ಟು ಉದುರಿಸುತ್ತ ಇದ್ದ. ಅವನ ಕೈ ನಿಂತದ್ದನ್ನು ನಾನು ಎಂದೂ ನೋಡಿಲ್ಲ.

ಈರಣ್ಣನೇ ಮಾತು ತಿರುಗಿಸಿದ. "ದೂರದ್ದು ಯಾಕ? ನಮ್ಮ ನೆರೆದೇಶ ಧಾರವಾಡ ಅದಲ್ಲ. 1962ರಿಂದ ಮಹಾನಗರಪಾಲಿಕೆ ಒಂದ ಇತ್ತು, ಈಗ ಅದನ್ನೂ ಬ್ಯಾರೆ ಕೇಳ್ಯಾರ. ಪಾಸ್‌ಪೋರ್ಟ್ ಒಂದು ಬಾಕಿ. ನಮ್ಮ ಕಾಕಾ ತಾಸಿಗೆ 60 ಪ್ಲೇಟು ಎತ್ತಿ ಒಗೀತಾನ. ನಿಮ್ಮ ಪೇಡೆದವ ಖೋವಾ ಕೆಂಪಾಗೂತನಕ ಕೈಯಾಡಿಸ್ಕೋತ ಕುಂತಿರ್ತಾನ. ಹುಬ್ಬಳ್ಳಿ ಗೆದ್ದಂಗ!"

"ಪ್ಲೇಟು ಎಣಿಸಬ್ಯಾಡ," ಮಾಸ್ತರ್ರಿಗೆ ಊರಿನ ಅಭಿಮಾನ ಕೆರಳಿತು. "ಮಾರಿದ ರೊಕ್ಕದಾಗ ಹಾಲು, ಸಕ್ಕರಿ, ಗ್ಯಾಸ್ ಖರ್ಚು ಕಳದು, ಉಳದದ್ದನ್ನ ತಾಸಿಗೆ ಭಾಗಿಸು. ಅದಕ್ಕ ಮೌಲ್ಯವರ್ಧನೆ ಅಂತಾರ. ಪೇಡೆಕ್ಕ ಹೆಸರದ, ಹೆಸರಿಗೆ ರೊಕ್ಕದ. ಬಸ್ಯಾನ ಶರ್ಟೂ ಹಂಗ. ಹೊಲಿದಾಕಿಗೆ ಚಿಲ್ಲರೆ, ಕಾಲರಿಗೆ ಚೀಟಿ ಅಂಟಿಸಿದವಗ ನೋಟು. ದೇಶ ದೇಶ ಹೋಲಿಸೂಮುಂದ ಈ ಚೀಟಿ ಯಾರ ಕಡೆ ಅದ ಅಂತ ನೋಡಬೇಕು."

ಕಾಕಾ ಮೊದಲ ಸಲ ತಲೆ ಎತ್ತಿದ. "ಅಂದ್ರ ಮಾಸ್ತರ್ರ, ನಾನೂ ರೇಟ್ ಏರಿಸಿದ್ರ ನನ್ನ ಉತ್ಪಾದಕತೆ ಏರ್ತದೇನ್ರಿ?"

ಮಾಸ್ತರ್ರು ತಡವರಿಸಿದರು. "ಹಂಗಲ್ಲ... ಬೆಲಿ ಏರಿದ್ದನ್ನ ತಗದು, ಸ್ಥಿರ ಬೆಲಿಯೊಳಗ ಲೆಕ್ಕ ಹಾಕಬೇಕಾಗ್ತದ."

ಅಷ್ಟರಲ್ಲಿ ಬಸ್ಯಾನ ಫೋನು ಹೊಡೆದುಕೊಂಡಿತು. ಕಾಜಾ ಮಶೀನು ಮತ್ತೆ ನಿಂತಿತ್ತು. ಅವನು ರೊಕ್ಕ ಕೊಡದೆ ಎದ್ದು ಓಡಿದ. ನಾನು ಪಾಕೀಟು ತೆಗೆದೆ.

"ನಾಕು ಪ್ಲೇಟು. ಪ್ಲೇಟಿಗೆ ಐದು ರೂಪಾಯಿ ಜಾಸ್ತಿ," ಅಂದ ಕಾಕಾ.

"ಯಾವಾಗಿಂದೋ?" ಮಾಸ್ತರ್ರು ಎದ್ದೇ ನಿಂತರು.

"ಈಗಿಂದರಿ. ಸ್ಥಿರ ಬೆಲಿ ಬೇಕಂದ್ರ ನಿಮ್ಮ ದೇಶಕ್ಕ ಹೋಗ್ರಿ, ಚಿಗರಿ ಬಂದದ."