ನಂದಿ ಬೆಟ್ಟದ ಸುತ್ತ ದ್ರಾಕ್ಷಿ ತೋಟಗಳ ನಡುವೆ ಓಡಲು ಒಳ್ಳೆಯ ದಾರಿ ಯಾವುದು?

ಯಲಹಂಕದ ಓಟಗಾರ:

ಎಲ್ಲರಿಗೂ ನಮಸ್ಕಾರ. ಫೆಬ್ರವರಿಯಲ್ಲಿ ಗುಡ್ಡಗಾಡಿನ ಹಾಫ್ ಮ್ಯಾರಥಾನ್ ಒಂದಕ್ಕೆ ಹೆಸರು ಕೊಟ್ಟಿದ್ದೇನೆ. ಇಷ್ಟು ದಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ, ಯಲಹಂಕ ಕೆರೆಯ ಪಕ್ಕದಲ್ಲಿ ಓಡುತ್ತಿದ್ದೆ. ಅಲ್ಲಿ ಏರಿಳಿತ ಸಾಲದು. ಭಾನುವಾರದ ದೂರದ ಓಟವನ್ನು ನಂದಿ ಬೆಟ್ಟದ ಕಡೆ ಇಟ್ಟುಕೊಳ್ಳುವ ಆಸೆ. ಬೆಟ್ಟ ಹತ್ತುವ ಡಾಂಬರು ರಸ್ತೆ ಮಾತ್ರ ಬೇಡ. ವಾರಾಂತ್ಯದ ನಸುಕಿನಲ್ಲಿ ಸೂರ್ಯೋದಯಕ್ಕೆಂದು ಬರುವ ವಾಹನಗಳ ಸಾಲನ್ನು ನೋಡಿದ್ದೇನೆ. ಕೆಳಗಿನ ಹಳ್ಳಿಗಳನ್ನು ಹಾದು, ತೋಟಗಳ ಪಕ್ಕದಲ್ಲಿ 15ರಿಂದ 18 ಕಿ.ಮೀ. ಆಗುವ ದಾರಿ ಇದೆಯೇ? ಹೆಂಡತಿಯೂ ಬರುತ್ತಾಳೆ. ಅವಳು ಓಡುವುದಿಲ್ಲ, ಆದರೆ ಹಳೆಯ ದೇವಸ್ಥಾನವಿದ್ದರೆ ಎರಡು ಗಂಟೆ ನೆಮ್ಮದಿಯಾಗಿ ಕಳೆಯುತ್ತಾಳೆ. ಕಾರು ಎಲ್ಲಿ ನಿಲ್ಲಿಸುವುದು, ನೀರು ಸಿಗುತ್ತದೆಯೇ, ನಾಯಿಗಳ ಕಾಟ ಹೇಗೆ ಎಂಬುದನ್ನೂ ದಯವಿಟ್ಟು ತಿಳಿಸಿ.

ಎರಡು ಗಾಲಿ:

ನಾನು ಸೈಕಲ್ಲಿನವನು. ಕಾರಹಳ್ಳಿ ಕ್ರಾಸ್ ಕಡೆಯಿಂದ ಬೆಟ್ಟದ ರಸ್ತೆ ಹತ್ತುತ್ತೇನೆ. ಏಳೆಂಟು ಕಿ.ಮೀ.ನಲ್ಲಿ ಸುಮಾರು 400 ಮೀಟರ್ ಏರು ಸಿಗುತ್ತದೆ, ಕಾಲು ಗಟ್ಟಿಯಾಗಲು ಅದಕ್ಕಿಂತ ಬೇರೆ ಬೇಕಿಲ್ಲ. ವಾರದ ನಡುವೆ ರಜೆ ಸಿಕ್ಕಿದರೆ ಒಮ್ಮೆ ಹತ್ತಿ ನೋಡಿ. ಇಳಿಯುವಾಗ ಓಡಬೇಡಿ, ಮಂಡಿ ಉಳಿಸಿಕೊಳ್ಳಿ. ಭಾನುವಾರದ ಬಗ್ಗೆ ನೀವು ಹೇಳಿದ್ದು ಸರಿ.

ನಂದಿಯ ಮೇಷ್ಟ್ರು:

ನಮ್ಮೂರಿನ ಪ್ರಶ್ನೆ ಬಂದಿರುವುದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ. ನಾನು ನಂದಿ ಹೋಬಳಿಯವನು, ಪ್ರೌಢಶಾಲೆಯಲ್ಲಿ ಪಾಠ ಮಾಡುತ್ತೇನೆ. ಮನೆಯಲ್ಲಿ ದ್ರಾಕ್ಷಿ ಚಪ್ಪರವಿದೆ. ಬೆಳಿಗ್ಗೆ ಶಾಲೆಗೆ ಮೊದಲು ಇದೇ ದಾರಿಗಳಲ್ಲಿ ಓಡುತ್ತೇನೆ. ನಂದಿ ಎಂದರೆ ಬೆಟ್ಟದ ತುದಿ ಎಂದೇ ಎಲ್ಲರೂ ತಿಳಿದಿದ್ದಾರೆ. ಓಡುವವನಿಗೆ ತುದಿಗಿಂತ ಬುಡವೇ ದೊಡ್ಡದು ಎನ್ನುವುದು ನನ್ನ ದೃಢವಾದ ಅಭಿಪ್ರಾಯ. 1,478 ಮೀಟರ್ ಎತ್ತರದ ಆ ಬಂಡೆಯನ್ನು ಪಕ್ಕದಲ್ಲಿಟ್ಟುಕೊಂಡು ಓಡಿದರೆ ಅದು ಪ್ರತಿ ತಿರುವಿನಲ್ಲೂ ಬೇರೆ ಬೆಟ್ಟದ ಹಾಗೆ ಕಾಣುತ್ತದೆ. ಮೇಲೆ ಹೋದವರಿಗೆ ಅದೊಂದೇ ಕಾಣಿಸುವುದಿಲ್ಲ.

ಕಾರನ್ನು ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನದ ಬಳಿ ನಿಲ್ಲಿಸಿ. ಅಲ್ಲಿಂದ ಉತ್ತರಕ್ಕೆ ಮುದ್ದೇನಹಳ್ಳಿಯ ದಾರಿ ಹಿಡಿಯಿರಿ. ಎಡಕ್ಕೆ ಬೆಟ್ಟಸಾಲು, ಬಲಕ್ಕೆ ಹೊಲ, ತೋಟ, ಕೆರೆಯಂಗಳ. ಬಿಸಿಲು ಬಲದಿಂದ ಬರುವುದರಿಂದ ಬೆಳಿಗ್ಗೆ ಎಡಗಡೆಯ ಬಂಡೆಗಳೆಲ್ಲ ಬೆಳಗುತ್ತಿರುತ್ತವೆ. ಮುದ್ದೇನಹಳ್ಳಿ ಸರ್ ಎಂ. ವಿಶ್ವೇಶ್ವರಯ್ಯನವರ ಊರು. ಅವರು ಹುಟ್ಟಿದ ಮನೆ, ಸಮಾಧಿ ಎರಡೂ ಇಲ್ಲೇ ಇವೆ. ಅಲ್ಲಿಂದ ಮುಂದಕ್ಕೆ ಸ್ಕಂದಗಿರಿಯ ಬುಡದಲ್ಲಿರುವ ಕಳವಾರದವರೆಗೆ ಓಡಿ ಹಿಂದಿರುಗಿದರೆ ಹೋಗಿ ಬರುವುದು ಸುಮಾರು 15 ಕಿ.ಮೀ. ಸ್ಕಂದಗಿರಿ ಹತ್ತುವುದಕ್ಕೆ ಆನ್‌ಲೈನ್ ಬುಕಿಂಗ್ ಬೇಕು. ಬುಡದ ಊರಿನವರೆಗೆ ಓಡುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಈ ದಾರಿಯಲ್ಲಿ ಉಸಿರು ಕಟ್ಟುವಂಥ ಒಂದೇ ಏರಿಲ್ಲ, ಚಿಕ್ಕ ಚಿಕ್ಕ ಏರುಗಳು ಒಂದಾದ ಮೇಲೊಂದು ಬರುತ್ತವೆ. ಹಾಫ್ ಮ್ಯಾರಥಾನಿಗೆ ಬೇಕಾದ ಅಭ್ಯಾಸ ಅದೇ. ಇನ್ನೂ ಶಕ್ತಿ ಉಳಿದಿದ್ದರೆ ನಂದಿಗೆ ಬಂದು, ಸುಲ್ತಾನಪೇಟೆಯ ಕಡೆಯಿಂದ ಬೆಟ್ಟಕ್ಕೆ ಹೋಗುವ ಹಳೆಯ ಮೆಟ್ಟಿಲುಗಳನ್ನು ಸ್ವಲ್ಪ ದೂರ ಹತ್ತಿ ಇಳಿಯಿರಿ. ಕಲ್ಲು ಸವೆದಿದೆ, ಮಳೆ ಬಿದ್ದ ಮರುದಿನ ಆ ಕಡೆ ಹೋಗಬೇಡಿ.

ಇನ್ನು ತೋಟಗಳು. ನಿಮ್ಮ ಪಕ್ಕದಲ್ಲಿ ಕಾಣುವುದು ಬಹುಪಾಲು ಚಪ್ಪರದ ದ್ರಾಕ್ಷಿ: ಬೆಂಗಳೂರು ಬ್ಲೂ ಮತ್ತು ದಿಲ್‌ಖುಷ್. ಬೆಂಗಳೂರು ಬ್ಲೂಗೆ 2013ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ತಲೆಯೆತ್ತರಕ್ಕೂ ಮೇಲೆ ಕಲ್ಲುಕಂಬಗಳನ್ನು ನಿಲ್ಲಿಸಿ, ಅಡ್ಡಡ್ಡ ತಂತಿ ಬಿಗಿದು, ಅದರ ಮೇಲೆ ಬಳ್ಳಿ ಹಬ್ಬಿಸಿರುತ್ತೇವೆ. ಆ ಕಂಬಗಳೆಲ್ಲ ಇಲ್ಲಿನ ಬಂಡೆಯಿಂದಲೇ ಸೀಳಿದವು; ಹತ್ತಿರ ಹೋಗಿ ನೋಡಿದರೆ ಅಂಚಿನಲ್ಲಿ ಬೆಣೆ ಹೊಡೆದ ಅರ್ಧ ತೂತುಗಳು ಸಾಲಾಗಿ ಕಾಣುತ್ತವೆ. ಎಲೆಗಳ ಮೇಲೆ ತಿಳಿನೀಲಿ ಕಲೆ ಕಂಡರೆ ಅದು ಮೈಲುತುತ್ತು ಮತ್ತು ಸುಣ್ಣ ಬೆರೆಸಿ ಹೊಡೆದ ಬೋರ್ಡೋ ದ್ರಾವಣ. ನಿಮಗೆ ಹಿತವಾದ ಮಂಜು, ಮೋಡ ನಮ್ಮ ಬಳ್ಳಿಗೆ ಬೂಜುರೋಗ ತರುತ್ತವೆ, ಅದಕ್ಕಾಗಿ ಈ ಔಷಧಿ. ವೈನಿನ ದ್ರಾಕ್ಷಿ ನೋಡಬೇಕೆಂದರೆ ದೊಡ್ಡಬಳ್ಳಾಪುರದ ಕಡೆಗೆ ಹೋಗಬೇಕು. ವೈನ್ ತಯಾರಿಸುವ ಗ್ರೋವರ್ ಅವರ ತೋಟ ಶುರುವಾದದ್ದು 1988ರಲ್ಲಿ, ಇದೇ ಬೆಟ್ಟಸಾಲಿನ ಆಸುಪಾಸಿನಲ್ಲಿ. ಅಲ್ಲಿ ಚಪ್ಪರವಿಲ್ಲ, ಬೇಲಿ ಕಟ್ಟಿದಂತೆ ಸಾಲುಸಾಲಾಗಿ ಬಳ್ಳಿ ನಿಂತಿರುತ್ತದೆ.

ಒಂದು ಮಾತನ್ನು ಖಂಡಿತವಾಗಿ ಹೇಳಬೇಕು. ತೋಟದೊಳಗಿನ ಬದುಗಳ ಮೇಲೆ, ಕೇಳದೆ ಓಡಬೇಡಿ. ಹನಿ ನೀರಾವರಿಯ ಪೈಪು ಎಲೆ ಕೆಳಗೆ ಅಡಗಿರುತ್ತದೆ, ಒಂದು ಕಾಲು ತಗುಲಿದರೂ ಜೋಡಣೆ ಕಳಚಿ ನೀರು ಪೋಲಾಗುತ್ತದೆ. ಇಲ್ಲಿ ಕೊಳವೆ ಬಾವಿ ಎಷ್ಟು ಆಳಕ್ಕೆ ಹೋಗಿದೆ ಎಂದು ಬಲ್ಲವರಿಗೆ ಆ ನೀರಿನ ಬೆಲೆ ಗೊತ್ತು. ಮನೆಯವರು ಎದುರಾದರೆ ಕೇಳಿ. ‘ಹೋಗಿ ಸ್ವಾಮಿ’ ಎನ್ನದವರು ನಮ್ಮ ಕಡೆ ಕಡಿಮೆ.

ನಿಮ್ಮ ಮನೆಯವರಿಗೆ ಭೋಗನಂದೀಶ್ವರ ಎರಡು ಗಂಟೆಗೂ ಸಾಲದು. ಒಂಬತ್ತನೆಯ ಶತಮಾನದ ಮೊದಲ ವರ್ಷಗಳಿಂದಲೇ ಅದರ ಶಾಸನಗಳ ದಾಖಲೆ ಸಿಗುತ್ತದೆ. ನೊಳಂಬರು, ಚೋಳರು, ವಿಜಯನಗರದವರು ಹೀಗೆ ಒಬ್ಬರ ಮೇಲೊಬ್ಬರು ಸೇರಿಸುತ್ತಾ ಬೆಳೆಸಿದ ಗುಡಿ. ಅರುಣಾಚಲೇಶ್ವರ, ಉಮಾಮಹೇಶ್ವರ, ಭೋಗನಂದೀಶ್ವರ ಎಂದು ಮೂರು ಗುಡಿಗಳು ಪಕ್ಕಪಕ್ಕದಲ್ಲಿವೆ. ನಡುವಿನ ಕಲ್ಯಾಣ ಮಂಟಪದ ಕಪ್ಪು ಕಲ್ಲಿನ ಕಂಬಗಳ ಹತ್ತಿರ ಕುಳಿತು ನೋಡಲು ಹೇಳಿ. ಬಳ್ಳಿಗಳ ಸುರುಳಿಯೊಳಗೆ ಹಕ್ಕಿಗಳನ್ನು ಕೆತ್ತಿದ್ದಾರೆ, ನಿಂತವರ ಕಣ್ಣಿಗೆ ಅವು ತಪ್ಪಿಹೋಗುತ್ತವೆ. ಶೃಂಗತೀರ್ಥವೆಂಬ ಕಲ್ಯಾಣಿಯ ಮೆಟ್ಟಿಲು ಬೆಳಗಿನಲ್ಲಿ ತಂಪಾಗಿರುತ್ತದೆ. ಶಿವರಾತ್ರಿಯ ಸಮಯದಲ್ಲಿ ಮಾತ್ರ ಓಡಲು ಬರಬೇಡಿ: ತೇರು, ದನಗಳ ಜಾತ್ರೆ, ಊರ ತುಂಬ ಜನ. ತೇರು ನೋಡುವುದಕ್ಕೆಂದೇ ಬೇರೆ ಬನ್ನಿ.

ಬೆಟ್ಟದ ನೆರಳು:

ಮೇಷ್ಟ್ರು ಹೇಳಿದ ದಾರಿಯಲ್ಲಿ ನಾನೂ ಓಡುತ್ತೇನೆ. ಹೆಣ್ಣುಮಗಳಾಗಿ ಒಂದೆರಡು ವಿಷಯ ಸೇರಿಸುತ್ತೇನೆ. ಕತ್ತಲಿರುವಾಗ ಹೊರಡುವುದಕ್ಕಿಂತ ಹಾಲಿನ ಡೈರಿ ತೆರೆಯುವ ಹೊತ್ತಿಗೆ ಹೊರಡುವುದು ಲೇಸು. ಆಗ ಕ್ಯಾನು ಹಿಡಿದ ಹೆಂಗಸರು ಪ್ರತಿ ಊರಿನ ಬಾಯಿಯಲ್ಲೂ ಇರುತ್ತಾರೆ, ಒಬ್ಬಳೇ ಓಡುತ್ತಿದ್ದೇನೆ ಎಂಬ ಭಾವನೆ ಬರುವುದಿಲ್ಲ. ನಾಯಿಗಳು ಊರ ಬಾಗಿಲಿನಲ್ಲಿ ಬೊಗಳುತ್ತವೆ. ಓಟ ನಿಲ್ಲಿಸಿ ನಡೆದರೆ ಬಹುತೇಕ ಸುಮ್ಮನಾಗುತ್ತವೆ. ಒಂಟಿ ತೋಟದ ಮನೆಗಳ ನಾಯಿಗಳು ಹಾಗಲ್ಲ, ಅವುಗಳ ಕೆಲಸವೇ ಕಾವಲು. ಅಲ್ಲಿ ರಸ್ತೆಯ ಆಚೆ ಬದಿಗೆ ಸರಿದು ಹೋಗಿ. ಅರ್ಧ ಲೀಟರ್ ನೀರು ಜೊತೆಗಿರಲಿ, ಭಾನುವಾರ ಬೆಳಿಗ್ಗೆ ಅಂಗಡಿ ತೆರೆದಿರುತ್ತದೆ ಎಂದು ನಂಬಿ ಬರಬೇಡಿ.

ನೀವು ಅಭ್ಯಾಸ ಮಾಡುವ ನವೆಂಬರ್, ಡಿಸೆಂಬರ್ ರಾಗಿ ಕೊಯ್ಲಿನ ಕಾಲ. ವಾಹನಗಳ ಗಾಲಿಗೆ ಸಿಕ್ಕಿ ಕಾಳು ಉದುರಲಿ ಎಂದು ತೆನೆಯನ್ನು ರಸ್ತೆಯ ಮೇಲೆಯೇ ಹರಡಿರುತ್ತಾರೆ. ಒಣಹುಲ್ಲಿನ ಮೇಲೆ ಶೂ ಜಾರುತ್ತದೆ. ಅದು ಯಾರದೋ ವರ್ಷದ ಅನ್ನವೂ ಹೌದು, ಆದ್ದರಿಂದ ಸುತ್ತಿಕೊಂಡು ಹೋಗಿ.

ಬೇರೊಂದು ದಿನಕ್ಕೆ ಆವತಿಯನ್ನೂ ನೆನಪಿಟ್ಟುಕೊಳ್ಳಿ. ದೇವನಹಳ್ಳಿ, ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರಗಳನ್ನು ಕಟ್ಟಿದ ಆವತಿ ನಾಡಪ್ರಭುಗಳ ಮೂಲ ಊರು ಅದು. ತಿಮ್ಮರಾಯಸ್ವಾಮಿ ಬೆಟ್ಟವನ್ನು ಬಿರುಸಾಗಿ ಹತ್ತಿ ಇಳಿಯುವುದನ್ನು ನಾಲ್ಕೈದು ಸಲ ಮಾಡಿದರೆ ತೊಡೆಗೆ ಸಾಕಷ್ಟು ಕೆಲಸವಾಗುತ್ತದೆ. ಹೆದ್ದಾರಿ ಪಕ್ಕದಲ್ಲೇ ಇದೆ. ಹೆದ್ದಾರಿಯ ಮೇಲೆ ಮಾತ್ರ ಒಂದು ಹೆಜ್ಜೆಯೂ ಓಡಬೇಡಿ.

ಯಲಹಂಕದ ಓಟಗಾರ:

ಇಷ್ಟು ವಿವರ ಸಿಗುತ್ತದೆ ಎಂದು ಎಣಿಸಿರಲಿಲ್ಲ, ಇಬ್ಬರಿಗೂ ತುಂಬು ಮನಸ್ಸಿನ ಧನ್ಯವಾದ. ಮುಂದಿನ ಭಾನುವಾರ ನಂದಿ, ಮುದ್ದೇನಹಳ್ಳಿ, ಕಳವಾರ ಎಂದು ನಿಶ್ಚಯಿಸಿದ್ದೇನೆ. ಮೇಷ್ಟ್ರೇ, ಎರಡು ಪ್ರಶ್ನೆ ಉಳಿದಿವೆ. ಔಷಧಿ ಹೊಡೆಯುವ ದಿನ ಪಕ್ಕದಲ್ಲಿ ಓಡಿದರೆ ತೊಂದರೆಯೇ? ಓಟ ಮುಗಿಸಿ ತೋಟದಿಂದಲೇ ಹಣ್ಣು ಕೊಳ್ಳಬಹುದೇ?

ನಂದಿಯ ಮೇಷ್ಟ್ರು:

ಔಷಧಿ ಹೊಡೆಯುವುದು ಹೆಚ್ಚಾಗಿ ಗಾಳಿಯಿಲ್ಲದ ಬೆಳಗಿನ ಹೊತ್ತಿನಲ್ಲೇ, ಅಂದರೆ ನೀವು ಓಡುವ ಸಮಯದಲ್ಲೇ. ಪಂಪಿನ ಸದ್ದು ದೂರದಿಂದಲೇ ಕೇಳಿಸುತ್ತದೆ. ಕೇಳಿಸಿದರೆ ಹಿಂದಿರುಗಿ, ಇಲ್ಲವೇ ಗಾಳಿ ಯಾವ ಕಡೆಯಿಂದ ಬೀಸುತ್ತದೋ ಆ ಬದಿಗೆ ಹೋಗಿ ನಿಲ್ಲಿ, ಮುಗಿದ ಮೇಲೆ ಮುಂದೆ ಸಾಗಿ. ಓಡುವಾಗ ಬಾಯಿ ತೆರೆದು ಉಸಿರೆಳೆಯುತ್ತೇವೆ, ಆ ಹನಿ ಒಳಗೆ ಹೋಗುವುದು ಒಳ್ಳೆಯದಲ್ಲ. ಇದೇ ಕಾರಣಕ್ಕೆ ದಾರಿ ಬದಿಗೆ ಜೋತುಬಿದ್ದ ಗೊಂಚಲಿಗೆ ಕೈ ಹಾಕಬೇಡಿ, ನಿನ್ನೆ ಏನು ಹೊಡೆದಿದ್ದಾರೋ ನಿಮಗೆ ತಿಳಿಯದು.

ಹಣ್ಣು ಕೊಳ್ಳಬಹುದು. ಕೊಯ್ಲು ನಡೆಯುತ್ತಿರುವ ತೋಟದ ಮುಂದೆ ಕ್ರೇಟುಗಳನ್ನು ಒಂದರ ಮೇಲೊಂದು ಪೇರಿಸಿರುತ್ತಾರೆ. ಅಲ್ಲಿ ಕೇಳಿದರೆ ಒಂದೆರಡು ಕಿಲೋ ತೂಗಿ ಕೊಡುತ್ತಾರೆ. ನಿಮ್ಮ ಸ್ಪರ್ಧೆಯ ಹೊತ್ತಿಗೆ, ಫೆಬ್ರವರಿಯಲ್ಲಿ, ಹಣ್ಣು ಚೆನ್ನಾಗಿರುತ್ತದೆ. ದಿಲ್‌ಖುಷ್ ತಿನ್ನುವುದಕ್ಕೆ ಸಿಹಿ. ಬ್ಲೂ ದ್ರಾಕ್ಷಿಗೆ ಸಿಪ್ಪೆ ದಪ್ಪ, ಬೀಜವೂ ಉಂಟು, ಆದರೆ ಅದರ ಪರಿಮಳ ಬೇರೆ ಯಾವುದಕ್ಕೂ ಇಲ್ಲ. ಮನೆಗೆ ಒಯ್ದು ಚೆನ್ನಾಗಿ ತೊಳೆದು, ಕುದಿಸಿ, ಸೋಸಿ ರಸ ಮಾಡಿಕೊಳ್ಳಿ. ಚಿಲ್ಲರೆ ಹಣ ಜೇಬಿನಲ್ಲಿರಲಿ, ತೋಟದಲ್ಲಿ ಮೊಬೈಲ್ ಸಿಗ್ನಲ್ ಸಿಗದ ಜಾಗಗಳಿವೆ.