‘ಹಕ್ಕಿಬಲೆ’: ಹಕ್ಕಿಯನ್ನು ಹಿಡಿಯುವುದೋ, ತಡೆಯುವುದೋ?

ಎಲ್ಲರಿಗೂ ನಮಸ್ಕಾರ.

ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿ ಹೊಳೆಯ ದಂಡೆಗಿರುವ ನಮ್ಮೂರಿನಲ್ಲಿ, ಗಜನಿಯ (ಹೊಳೆಯ ಉಪ್ಪುನೀರು ಏರಿಬರುವ ತಗ್ಗು ಗದ್ದೆಬಯಲಿನ) ಬದಿಗೆ ಸ್ವಂತ ಹೊಂಡ ತೋಡಿಸಿ ಮೀನು ಸಾಕುವ ಏಳೆಂಟು ಮನೆಗಳಿವೆ. ಮೀನುಮರಿ ಬಿಟ್ಟ ಮೊದಲ ವಾರಗಳಲ್ಲಿ ನೀರುಕಾಗೆ, ಬೆಳ್ಳಕ್ಕಿ, ಮಿಂಚುಳ್ಳಿಗಳ ಕಾಟವನ್ನು ತಡೆಯುವುದು ಹೇಗೆಂದು ತಿಳಿಸುವ ಎರಡು ಪುಟಗಳ ಕರಪತ್ರವನ್ನು ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಹೇಳಬೇಕಾದ ವಿಷಯದಲ್ಲಿ ತೊಡಕಿಲ್ಲ. ತೊಡಕಿರುವುದು ಒಂದು ಪದದಲ್ಲಿ. ಹೊಂಡದ ಮೇಲೆ ಹೊದಿಸುವ ನೈಲಾನ್ ಬಲೆಯನ್ನು ನಮ್ಮಲ್ಲಿ ಮಾರುವವರೂ ಕೊಳ್ಳುವವರೂ ‘ಹಕ್ಕಿಬಲೆ’ ಎನ್ನುತ್ತಾರೆ. ನಾನೂ ಕರಡಿನಲ್ಲಿ ‘ಮರಿ ಬಿಟ್ಟ ದಿನವೇ ಹಕ್ಕಿಬಲೆ ಹಾಕಬೇಕು’ ಎಂದು ಬರೆದಿದ್ದೆ. ಅದನ್ನು ಓದಿದ ನೆರೆಮನೆಯ ಹಿರಿಯ ಮೀನುಗಾರರೊಬ್ಬರು, ‘ಹಕ್ಕಿ ಹಿಡ್ದು ಎಂತ ಮಾಡೂದು ಮಾರಾಯಾ, ಫಾರೆಸ್ಟಿನವ್ರು ಬಂದ್ರೆ ಯಾರು ಉತ್ತರ ಕೊಡೂದು?’ ಎಂದು ಕೇಳಿದರು.

ಅವರು ತಮಾಷೆಗೆ ಕೇಳಿದ್ದರೂ ಪ್ರಶ್ನೆ ತಮಾಷೆಯದಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ‘ಬೇಟೆ’ ಎಂಬುದರ ವ್ಯಾಖ್ಯೆಯು ಕೊಲ್ಲುವುದಕ್ಕಷ್ಟೇ ಸೀಮಿತವಾಗದೆ, ಹಿಡಿಯುವುದು, ಉರುಳೊಡ್ಡುವುದು ಮತ್ತು ಅಂಥ ಪ್ರಯತ್ನ ಮಾಡುವುದನ್ನೂ ಒಳಗೊಂಡಿದೆ. ಅಘನಾಶಿನಿ ಅಳಿವೆಯೇ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿರುವಾಗ, ಅದರ ದಂಡೆಯ ಊರಿನಲ್ಲಿ ‘ಹಕ್ಕಿಬಲೆ ಹಾಕಿ’ ಎಂದು ಅಚ್ಚು ಹಾಕಿಸಿ ಹಂಚುವುದಕ್ಕೆ ನನಗೆ ಧೈರ್ಯ ಸಾಲದು.

ಪದದ ರಚನೆಯನ್ನು ನೋಡೋಣ. ‘ಬಲೆ’ ಉತ್ತರಪದವಾಗಿರುವ ಸಮಾಸಗಳಲ್ಲಿ ಪೂರ್ವಪದವು ಒಂದೇ ಕೆಲಸ ಮಾಡುವುದಿಲ್ಲ. ‘ಮೀನುಬಲೆ’ಯಲ್ಲಿ ಅದು ಬಲೆಗೆ ಬೀಳುವ ಜೀವಿಯನ್ನು ಹೇಳಿದರೆ, ‘ಜೇಡರಬಲೆ’ಯಲ್ಲಿ ಬಲೆ ನೇಯುವ ಜೀವಿಯನ್ನು ಹೇಳುತ್ತದೆ. ‘ಬೀಸುಬಲೆ’ಯಲ್ಲಿ ಬಲೆಯನ್ನು ಬಳಸುವ ರೀತಿಯನ್ನು ಹೇಳುತ್ತದೆ, ಸುಡುಗಾಡು, ಸಿಡಿಮದ್ದುಗಳಂತೆ ಇದು ಪೂರ್ವಪದವು ಕ್ರಿಯೆಯನ್ನು ಹೇಳುವ ಗಮಕಸಮಾಸ. ಆದರೆ ಪೂರ್ವಪದದಲ್ಲಿರುವ ಜೀವಿಯನ್ನು ದೂರವಿಡುವುದಕ್ಕಾಗಿಯೇ ಇರುವ ಬಲೆ ಎಂಬ ಅರ್ಥದ ಹಳೆಯ ಸಮಾಸ ನನಗೆ ಒಂದೂ ಹೊಳೆಯುತ್ತಿಲ್ಲ. ಸೊಳ್ಳೆಯನ್ನು ದೂರವಿಡುವುದನ್ನು ನಾವು ‘ಸೊಳ್ಳೆಬಲೆ’ ಎನ್ನದೆ ‘ಸೊಳ್ಳೆಪರದೆ’ ಎಂದದ್ದು ಸುಮ್ಮನೆ ಅಲ್ಲವೆಂದು ಈಗ ಅನ್ನಿಸುತ್ತಿದೆ.

ಇದಕ್ಕೆ ಬರಬಹುದಾದ ಆಕ್ಷೇಪವನ್ನು ನಾನೇ ಎತ್ತುತ್ತೇನೆ. ‘ನಿದ್ದೆ ಮಾತ್ರೆ’ ನಿದ್ದೆ ತರಿಸುತ್ತದೆ, ‘ಜ್ವರದ ಮಾತ್ರೆ’ ಜ್ವರ ಬಿಡಿಸುತ್ತದೆ. ಇವುಗಳಲ್ಲಿ ಯಾರೂ ಎಡವುವುದಿಲ್ಲ. ಹಾಗೆಯೇ ‘ದನ ಕಾಯುವುದು’ ಎಂದರೆ ದನವನ್ನು ನೋಡಿಕೊಳ್ಳುವುದು, ‘ಹಂದಿ ಕಾಯಲು ಮಾಳಕ್ಕೆ (ಗದ್ದೆಯ ಕಾವಲು ಅಟ್ಟಕ್ಕೆ) ಹೋದ’ ಎಂದರೆ ಹಂದಿಯಿಂದ ಗದ್ದೆಯನ್ನು ಉಳಿಸಿಕೊಳ್ಳಲು ಹೋದ ಎಂದು ಘಟ್ಟದ ಮೇಲಿನ ಶಿರಸಿಯವರಿಗೂ ಕೆಳಗಿನ ನಮಗೂ ತಾನಾಗಿಯೇ ತಿಳಿಯುತ್ತದೆ. ಹಾಗಿರುವಾಗ ‘ಹಕ್ಕಿಬಲೆ’ಯ ಅರ್ಥವನ್ನೂ ಸಂದರ್ಭವೇ ನಿಶ್ಚಯಿಸಲಿ ಎನ್ನಬಹುದು. ಆದರೆ ಜ್ವರ ತರಿಸುವ ಮಾತ್ರೆಯನ್ನು ಯಾರೂ ಕೇಳುವುದಿಲ್ಲ, ಕಾಡುಹಂದಿಯ ಹಿಂಡನ್ನು ಮೇಯಿಸಲು ಯಾರೂ ಹೋಗುವುದಿಲ್ಲ. ಅಲ್ಲಿ ಎರಡನೆಯ ಅರ್ಥಕ್ಕೆ ಲೋಕದಲ್ಲಿಯೇ ಎಡೆಯಿಲ್ಲ. ಹಕ್ಕಿಯನ್ನು ಬಲೆಯೊಡ್ಡಿ ಹಿಡಿಯುವವರು ಮಾತ್ರ ಹಿಂದೆಯೂ ಇದ್ದರು, ಈಗಲೂ ಕದ್ದುಮುಚ್ಚಿ ಇದ್ದಾರೆ. ಎರಡೂ ಅರ್ಥ ಜೀವಂತವಾಗಿರುವಲ್ಲಿ ಸಂದರ್ಭವನ್ನು ನೆಚ್ಚಿ ಕೂರಲಾಗದು.

ಕ್ರಿಯಾಪದವೂ ಇಲ್ಲಿ ಸಮಾಸದಷ್ಟೇ ಮುಖ್ಯ. ಬಲೆ ಬೀಸು, ಬಲೆ ಒಡ್ಡು, ಬಲೆಗೆ ಬೀಳು ಎಂಬಲ್ಲೆಲ್ಲ ಹಿಡಿಯುವ ಅರ್ಥವೇ ಮೇಲಾಗಿದೆ. ಲಂಚದ ಸುದ್ದಿಗೆ ಪತ್ರಿಕೆಗಳು ಕೊಡುವ ‘ಬಲೆಗೆ ಬಿದ್ದ ಅಧಿಕಾರಿ’ ಎಂಬ ಶೀರ್ಷಿಕೆಯೂ ಅಲ್ಲಿಂದಲೇ ಬಂದದ್ದು. ಹೊದಿಸು, ಬಿಗಿ ಎಂಬ ಕ್ರಿಯಾಪದಗಳಿಗೆ ಆ ವಾಸನೆಯಿಲ್ಲ. ‘ಬಿಗಿ’ ಎಂಬುದಕ್ಕೆ ಇನ್ನೊಂದು ಗುಣವಿದೆ: ಅದು ಕೆಲಸದ ಗುಟ್ಟನ್ನೂ ಹೇಳುತ್ತದೆ. ತೆಳುವಾದ ಎಳೆಯ ಬಲೆಯನ್ನು ಸಡಿಲವಾಗಿ ಬಿಟ್ಟರೆ ಹಕ್ಕಿಯ ಕಾಲು, ರೆಕ್ಕೆಗಳು ಸಿಕ್ಕಿಕೊಂಡು ಅದು ಹೆಸರಿಗೆ ತಕ್ಕ ಹಕ್ಕಿಬಲೆಯೇ ಆಗಿಬಿಡುತ್ತದೆ. ದಪ್ಪ ಎಳೆಯ, ಹಕ್ಕಿಯ ಕಣ್ಣಿಗೆ ಕಾಣುವಂಥ ಬಲೆಯನ್ನು ಗೂಟದಿಂದ ಗೂಟಕ್ಕೆ ಎಳೆದು ಕಟ್ಟಿದರೆ ಮಾತ್ರ ಅದು ತಡೆ.

ಬದಲಿ ಪದಗಳಾಗಿ ನಾನು ಯೋಚಿಸಿದವು ಕೆಲವಿವೆ. ‘ಹಕ್ಕಿಪರದೆ’ಗೆ ಸೊಳ್ಳೆಪರದೆಯ ಆಧಾರವಿದ್ದರೂ, ‘ಪರದೆ’ ಎಂದೊಡನೆ ನಮ್ಮ ಕಡೆಯವರಿಗೆ ಯಕ್ಷಗಾನದ ರಂಗಸ್ಥಳವೋ ಕಿಟಕಿಯ ಬಟ್ಟೆಯೋ ನೆನಪಾಗುವುದರಿಂದ ಹೊಂಡಕ್ಕೆ ಅದು ಒಗ್ಗುತ್ತಿಲ್ಲ. ‘ತಡೆಬಲೆ’ ಚೊಕ್ಕವಾಗಿದೆ, ಆದರೆ ಒಳಗಿನ ಮೀನು ಹೊರಗೆ ಹೋಗದಂತೆ ತೂಬಿನ ಬಾಯಿಗೆ ಕಟ್ಟುವ ಬಲೆಯೆಂದು ಗಜನಿಯವರು ತಿಳಿಯುವ ಸಾಧ್ಯತೆ ಹೆಚ್ಚು. ‘ಚಪ್ಪರಬಲೆ’ ನನಗೆ ಬಹಳ ಹಿಡಿಸಿತ್ತು. ಗೂಟ ನೆಟ್ಟು ಮೇಲೆ ಹರಡುವ ಕ್ರಮ ಎಲ್ಲರಿಗೂ ಗೊತ್ತು, ‘ಚಪ್ಪರ ಹಾಕು’ ಎಂಬ ಕ್ರಿಯೆಯೂ ಸಿದ್ಧವಾಗಿದೆ. ಆದರೆ ಚಪ್ಪರಕ್ಕೆ ಬದಿಗಳಿಲ್ಲ. ಮಿಂಚುಳ್ಳಿ ಮೇಲಿನಿಂದ ನೀರಿಗೆ ಎರಗುತ್ತದೆ, ನಿಜ. ಕೊಳದ ಬಕವಾದರೋ ದಂಡೆಗೆ ಬಂದಿಳಿದು, ಸದ್ದಿಲ್ಲದೆ ನಡೆದು, ತೆಳುನೀರಿನಲ್ಲಿ ನಿಂತು ಮೀನು ಹೆಕ್ಕುತ್ತದೆ. ‘ಚಪ್ಪರಬಲೆ’ ಎಂಬ ಹೆಸರನ್ನು ನಂಬಿ ಬದಿಗಳನ್ನು ತೆರೆದಿಟ್ಟವನ ಹೊಂಡಕ್ಕೆ ಬಕ ನೆಂಟನಂತೆ ಬಂದುಹೋದೀತು. ಉಳಿದದ್ದು ‘ಮುಚ್ಚುಬಲೆ’. ಇದು ‘ಬೀಸುಬಲೆ’ಯ ಅಚ್ಚಿನಲ್ಲಿಯೇ ಇದೆ, ಹಿಡಿಯುವ ಅರ್ಥ ಇಲ್ಲ, ಮೇಲೂ ಬದಿಯೂ ಎರಡೂ ಒಳಗೊಳ್ಳುತ್ತವೆ. ಸದ್ಯಕ್ಕೆ ಇದರ ಕಡೆಗೇ ನನ್ನ ಒಲವು.

ಇದೇ ಸಿಕ್ಕಿನ ಇನ್ನೊಂದು ಎಳೆ ಕರಪತ್ರದ ತಲೆಬರಹದಲ್ಲಿಯೂ ಇದೆ. ‘ಹಕ್ಕಿಗಳಿಂದ ಮೀನುಹೊಂಡದ ರಕ್ಷಣೆ’ ಎಂದು ಬರೆದರೆ, ‘ಅಗ್ನಿಶಾಮಕ ಸಿಬ್ಬಂದಿಯಿಂದ ಹಸುವಿನ ರಕ್ಷಣೆ’ ಎಂಬಂತೆ, ಹಕ್ಕಿಗಳೇ ಹೊಂಡವನ್ನು ರಕ್ಷಿಸುತ್ತವೆ ಎಂದೂ ಓದಬಹುದು. ತೃತೀಯೆಗೂ ಪಂಚಮಿಗೂ ನಾವು ‘ಇಂದ’ ಒಂದನ್ನೇ ದುಡಿಸುವುದರ ಫಲವಿದು. ಶಾಲೆಯ ವ್ಯಾಕರಣ ಪಂಚಮಿಗೆ ಹೇಳಿಕೊಟ್ಟ ‘ದೆಸೆಯಿಂದ’ವನ್ನು ಬಳಸಿದರೆ ಸಂದೇಹ ಪೂರ್ತಿ ಹೋಗದು, ಕರಪತ್ರವನ್ನು ಓದುವವರೂ ಇರಲಾರರು. ‘ಪರಭಕ್ಷಕ ಪಕ್ಷಿ’ ಎಂಬ ಪಠ್ಯಪುಸ್ತಕದ ಮಾತನ್ನಂತೂ ಆಗಲೇ ಕೈಬಿಟ್ಟು ‘ಮೀನು ತಿನ್ನುವ ಹಕ್ಕಿ’ ಎಂದು ಮಾಡಿಕೊಂಡಿದ್ದೇನೆ. ತಲೆಬರಹಕ್ಕೆ ‘ಮೀನುಹೊಂಡದಲ್ಲಿ ಹಕ್ಕಿ ಕಾಯುವ ಬಗೆ’ ಎಂದಿಡಬಹುದೇ ಎಂಬ ಯೋಚನೆಯಿದೆ. ‘ಹಂದಿ ಕಾಯು’ ಎಂಬುದನ್ನು ಬಲ್ಲ ಓದುಗರಿಗೆ ಇದು ತಿಳಿಯಬೇಕು. ಆದರೆ ಇದೇ ಕರಪತ್ರ ಪೇಟೆಯ ಪಕ್ಷಿಪ್ರಿಯರ ಕೈಗೆ ಸಿಕ್ಕಿದರೆ ಅವರು ಇದನ್ನು ಹಕ್ಕಿಗಳ ಸಂರಕ್ಷಣೆಯೆಂದೇ ಓದಿಕೊಂಡು ಸಂತೋಷಪಟ್ಟಾರು.

ಬಲ್ಲವರಲ್ಲಿ ನನ್ನ ಕೋರಿಕೆ ಎರಡು. ಕಾರವಾರ, ಅಂಕೋಲಾ, ಹೊನ್ನಾವರ, ಭಟ್ಕಳದ ಕಡೆ ಹೊಂಡಕ್ಕೋ, ಒಣಮೀನು ಹರಡಿದ ಅಂಗಳಕ್ಕೋ ಕಾಗೆ, ಹದ್ದುಗಳು ಎರಗದಂತೆ ಹೊದಿಸುವ ಬಲೆಗೆ ಮನೆಮಾತಿನಲ್ಲಿ ಬೇರೆ ಹೆಸರಿದ್ದರೆ, ಅದು ಕೊಂಕಣಿಯದಾದರೂ ಸರಿ, ದಯವಿಟ್ಟು ತಿಳಿಸಬೇಕು. ‘ಮುಚ್ಚುಬಲೆ’ ಎಂಬುದು ನಿಮ್ಮೂರಿನಲ್ಲಿ ಮೀನು ಹಿಡಿಯುವ ಯಾವುದಾದರೂ ಬಲೆಗೆ ಈಗಾಗಲೇ ಹೆಸರಾಗಿದ್ದರೆ, ಕರಪತ್ರ ಅಚ್ಚಿಗೆ ಹೋಗುವ ಮೊದಲೇ ನನ್ನನ್ನು ಎಚ್ಚರಿಸಬೇಕು.