ಹಳೇ ಕಾಮಿಕ್ಸ್ ಕೂಡಿಡುವ ಆಸೆ: ಅನುಭವ ಇರುವವರು ಹೇಳಿ

ಪ್ರಶ್ನೆ

ನಮ್ಮ ಬೀದಿಯ ಹಳೇ ಪೇಪರ್ ಅಂಗಡಿಯಲ್ಲಿ ಒಂದು ಕಟ್ಟು ಕಾಮಿಕ್ಸ್ ಸಿಕ್ಕಿತು. ಕನ್ನಡದ ಇಂದ್ರಜಾಲ ಕಾಮಿಕ್ಸ್ ಸ್ವಲ್ಪ, ಅಮರ ಚಿತ್ರ ಕಥೆ ಜಾಸ್ತಿ, ಜೊತೆಗೆ ಡಿಂಗನ ಕಥೆ ಇರುವ ಬಾಲಮಂಗಳ. ತೂಕದ ಲೆಕ್ಕದಲ್ಲಿ ಕೊಟ್ಟರು. ಮನೆಗೆ ತಂದು ರಾತ್ರಿಯೆಲ್ಲ ಓದಿದೆ. ಈಗ ಸರಿಯಾಗಿ ಸಂಗ್ರಹ ಮಾಡಬೇಕು ಅನ್ನಿಸಿದೆ. ಏನು ಕೊಳ್ಳಬೇಕು? ಹೇಗೆ ಇಡಬೇಕು? ಮುಂದೆ ಒಳ್ಳೆ ದುಡ್ಡು ಬರುತ್ತದೆ ಅಂತ ನಮ್ಮಣ್ಣ ಹೇಳುತ್ತಾನೆ, ಅದು ನಿಜವಾ? ಮನೆಯವರು ಮಾತ್ರ ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಅಂತ ಕೇಳುತ್ತಿದ್ದಾರೆ. ಗೊತ್ತಿರುವವರು ದಯವಿಟ್ಟು ಹೇಳಿ.

ಬೆಂಗಳೂರಿನಿಂದ

ರಾತ್ರಿಯೆಲ್ಲ ಓದಿದೆ ಅಂದಿರಲ್ಲ ಮೇಡಂ, ಆ ಒಂದು ಮಾತಿಗೇ ಉತ್ತರ ಬರೆಯಬೇಕು ಅನ್ನಿಸಿತು. ಓದದೆ ಕೂಡಿಡುವವರೂ ಇದ್ದಾರೆ. ಕಪಾಟು ತುಂಬಿರುತ್ತದೆ, ಡೆಂಕಾಲಿ ಅಂದರೆ ಏನು ಅಂತ ಕೇಳಿದರೆ ಗೊತ್ತಿರುವುದಿಲ್ಲ. ಇಂದ್ರಜಾಲದಲ್ಲಿ ಬರುತ್ತಿದ್ದ ಫ್ಯಾಂಟಮ್ ಕಥೆಯನ್ನು ಲೀ ಫಾಕ್ 1936ರಲ್ಲಿ ಶುರು ಮಾಡಿದಾಗ ಫ್ಯಾಂಟಮ್ ಇರುವ ಕಾಡಿಗೆ ಇಟ್ಟ ಹೆಸರು ನಮಗೆ ಬಂಗಾಳವನ್ನು ನೆನಪಿಸುವಂತಿತ್ತು. ಇಂದ್ರಜಾಲದವರು ಅದನ್ನು ಡೆಂಕಾಲಿ ಮಾಡಿದರು. ಸಿಂಗ್ ಅಂತಿದ್ದ ಕಡಲ್ಗಳ್ಳರು ಸಿಂಗ ಆದರು. ಅದಕ್ಕೇ ಹೇಳುವುದು, ಹೊರದೇಶದ ಚೆಂದದ ಮರುಮುದ್ರಣ ಕೈಯಲ್ಲಿದ್ದರೂ ನಮ್ಮ ಇಂದ್ರಜಾಲ ಬೇರೆಯೇ ಪುಸ್ತಕ. ಬಿ. ಗೋವಿಂದ್ ಬಣ್ಣ ಹಾಕಿದ ಆ ಮುಖಪುಟಗಳು ಬೇರೆಲ್ಲೂ ಸಿಗುವುದಿಲ್ಲ.

ಎಲ್ಲ ಬೇಕು ಅಂತ ಹೊರಡಬೇಡಿ. ಟೈಮ್ಸ್ ಆಫ್ ಇಂಡಿಯಾ ಬಳಗದವರು 1964ರ ಮಾರ್ಚ್‌ನಲ್ಲಿ ಇಂದ್ರಜಾಲ ಶುರು ಮಾಡಿ 1990ರಲ್ಲಿ ನಿಲ್ಲಿಸಿದರು. ಅಷ್ಟರಲ್ಲಿ ಎಂಟುನೂರಕ್ಕೂ ಹೆಚ್ಚು ಸಂಚಿಕೆ ಬಂದಿವೆ. ಒಬ್ಬ ನಾಯಕನನ್ನೋ ಒಬ್ಬ ಚಿತ್ರಕಾರನನ್ನೋ ಹಿಡಿಯಿರಿ. ನನಗೆ ಬಹಾದ್ದೂರ್ ಇಷ್ಟ. ಆಬಿದ್ ಸುರ್ತಿ 1976ರಲ್ಲಿ ಸೃಷ್ಟಿಸಿದ್ದು. ಕೇಸರಿ ಕುರ್ತಾ, ಕೆಳಗೆ ಜೀನ್ಸ್, ಚಂಬಲ್ ಕಡೆಯ ಡಕಾಯಿತರ ವಿರುದ್ಧ ಹೋರಾಟ. ಪರದೇಶದ ನಾಯಕರ ನಡುವೆ ನಮ್ಮ ನೆಲದವನೊಬ್ಬ ಬಂದ ಅನ್ನುವ ಸಂತೋಷ ನನಗೆ ಇವತ್ತಿಗೂ ಇದೆ.

ಅಮರ ಚಿತ್ರ ಕಥೆಯ ಇಂಗ್ಲಿಷ್ ಸರಣಿ ನೋಡಿದ್ದೀರಾ? 'ಕೃಷ್ಣ' ಅದರ 11ನೇ ಸಂಖ್ಯೆ. ಮೊದಲ ಹತ್ತು ಎಲ್ಲಿ ಅಂತ ಎಲ್ಲರೂ ಹುಡುಕುತ್ತಾರೆ. ಆ ಹತ್ತು ಸಿಂಡರೆಲ್ಲಾ, ಸ್ನೋ ವೈಟ್ ತರದ ಪಶ್ಚಿಮದ ಕಥೆಗಳು. 1965ರಲ್ಲಿ ಬೆಂಗಳೂರಿನ ಇಂಡಿಯಾ ಬುಕ್ ಹೌಸ್‌ನಲ್ಲಿದ್ದ ಜಿ. ಕೆ. ಅನಂತರಾಮ್ ಅವನ್ನು ಕನ್ನಡದಲ್ಲಿ ತಂದರು. ಸರಣಿ ಹುಟ್ಟಿದ್ದು ಹೇಗೆ ಅಂತ ಅದರ ಸಂಪಾದಕ ಅನಂತ ಪೈ ಹೇಳುತ್ತಿದ್ದ ಕಥೆ ಬೇರೆ. 1967ರಲ್ಲಿ ದೆಹಲಿಯ ಟಿವಿ ರಸಪ್ರಶ್ನೆಯೊಂದರಲ್ಲಿ ಗ್ರೀಕ್ ದೇವರ ಬಗ್ಗೆ ಗೊತ್ತಿದ್ದ ಮಕ್ಕಳಿಗೆ ರಾಮನ ತಾಯಿಯ ಹೆಸರು ಗೊತ್ತಿರಲಿಲ್ಲ, ಅಲ್ಲಿಂದ ಈ ಯೋಚನೆ ಬಂತು ಅಂತ. ಎರಡನ್ನೂ ಗೌರವದಿಂದ ಕೇಳಿ. ಆದರೆ ಆ ಹತ್ತರಲ್ಲಿ ಯಾವುದಾದರೂ ಕನ್ನಡದ್ದು ನಿಮ್ಮ ಕಟ್ಟಿನಲ್ಲಿದ್ದರೆ ಯಾರಿಗೂ ಕೊಡಬೇಡಿ.

ಕೊಳ್ಳುವಾಗ ಮುಖಪುಟದ ಬೆಲೆ ನೋಡಿ, ಒಳಗಡೆ ಮುದ್ರಣದ ಸಾಲು ಓದಿ. ಅಮರ ಚಿತ್ರ ಕಥೆಯಲ್ಲಿ 501ರಿಂದ ಮೇಲಿನ ಸಂಖ್ಯೆ ಇದ್ದರೆ ಅದು ಆಮೇಲಿನ ಮರುಮುದ್ರಣದ ಸರಣಿ. ಓದೋಕೆ ಅದು ಇನ್ನೂ ಒಳ್ಳೆಯದು, ಗಟ್ಟಿ ಕಾಗದ. ಹಳೇ ಮುದ್ರಣದ ಬೆಲೆ ಮಾತ್ರ ಅದಕ್ಕೆ ಕೊಡಬೇಡಿ. ಮಧ್ಯದ ಹಾಳೆ ಇದೆಯಾ ನೋಡಿ. ಪಿನ್ನಿನಿಂದ ಮೊದಲು ಕಳಚುವುದು ಅದೇ, ಹೋದರೆ ಒಂದೇ ಸಲಕ್ಕೆ ನಾಲ್ಕು ಪುಟ ಹೋಗುತ್ತದೆ. ಇನ್ನೊಂದು, ಜಾಹೀರಾತಿನ ಕೂಪನ್. ಯಾವುದೋ ಹುಡುಗ ಚಾಕಲೇಟ್ ಬಹುಮಾನಕ್ಕೆ ಅಂತ ಕತ್ತರಿಸಿರುತ್ತಾನೆ, ಹಿಂದಿನ ಪುಟದಲ್ಲಿ ಜಾದೂಗಾರ ಮ್ಯಾಂಡ್ರೇಕ್‌ನ ಅರ್ಧ ಮುಖ ಇರುವುದಿಲ್ಲ. ಚರ್ಚ್ ಸ್ಟ್ರೀಟ್‌ನ ಬ್ಲಾಸಮ್, ಬುಕ್‌ವರ್ಮ್, ಬ್ರಿಗೇಡ್ ರೋಡ್ ಪಕ್ಕದ ಸೆಲೆಕ್ಟ್, ಅವೆನ್ಯೂ ರೋಡ್ ಎಲ್ಲ ಕಡೆ ಒಂದು ಸುತ್ತು ಹಾಕಿ. ಕನ್ನಡದವು ಸುಲಭಕ್ಕೆ ಸಿಗುವುದಿಲ್ಲ. ಊರಿನ ಮನೆಗಳಲ್ಲಿ ಕೇಳುತ್ತಿರಬೇಕು.

ಕುಂದಾಪುರದಿಂದ

ನಮ್ಮ ಕರಾವಳಿಯಲ್ಲಿ ಕಾಗದ ಉಳಿಸುವುದೇ ದೊಡ್ಡ ಕೆಲಸ, ಹಾಗಾಗಿ ನಾನು ಅದೊಂದನ್ನೇ ಹೇಳುತ್ತೇನೆ.

ಹಳೇ ಕಾಮಿಕ್ಸಿನದು ಹೆಚ್ಚಾಗಿ ನ್ಯೂಸ್‌ಪ್ರಿಂಟ್. ಅದರಲ್ಲಿರುವ ಆಮ್ಲವೇ ಒಳಗಿನಿಂದ ಅದನ್ನು ಹಳದಿ ಮಾಡುತ್ತದೆ, ಅಂಚು ಮುಟ್ಟಿದರೆ ಪುಡಿ ಆಗುತ್ತದೆ. ಅದನ್ನು ಪೂರ್ತಿ ನಿಲ್ಲಿಸೋಕೆ ಆಗಲ್ಲ, ನಿಧಾನ ಮಾಡಬಹುದು. ಬೆಳಕು, ಬಿಸಿ, ತೇವ ಈ ಮೂರರಿಂದ ದೂರ ಇಡಿ. ಹೊರಗಿನ ಗೋಡೆಗೆ ತಾಗಿದ ಕಪಾಟು ಬೇಡ, ಮಳೆಗಾಲದಲ್ಲಿ ಆ ಗೋಡೆ ಬೆವರುತ್ತದೆ. ಅಟ್ಟವಂತೂ ಬೇಡವೇ ಬೇಡ.

ಒಂದೊಂದು ಪುಸ್ತಕಕ್ಕೆ ಒಂದೊಂದು ಪ್ಲಾಸ್ಟಿಕ್ ಕವರ್ ಹಾಕಿ. ಪಾಲಿಪ್ರೊಪಿಲೀನ್ ಅಂತ ಕೇಳಿ ತೆಗೆದುಕೊಳ್ಳಿ, ಶರ್ಟ್ ಪ್ಯಾಕ್ ಮಾಡುವ ಗರಗರ ಅನ್ನುವ ಪಾರದರ್ಶಕ ಕವರ್. ಮೆತ್ತಗಿದ್ದು ರೇನ್‌ಕೋಟ್ ವಾಸನೆ ಬರುವ ಪಿವಿಸಿ ಬೇಡ, ಕೆಲವು ವರ್ಷದಲ್ಲಿ ಅದು ಮುಖಪುಟಕ್ಕೇ ಅಂಟಿಕೊಳ್ಳುತ್ತದೆ. ಹಿಂದೆ ಒಂದು ದಪ್ಪ ರಟ್ಟು ಇಡಿ, ಆಮ್ಲ ಇಲ್ಲದ ರಟ್ಟು ಸಿಕ್ಕರೆ ಉತ್ತಮ. ಡಬ್ಬಿಯಲ್ಲಿ ನೇರವಾಗಿ ನಿಲ್ಲಿಸಿ, ಬಿಗಿಯಾಗಿ ತುರುಕಬೇಡಿ. ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಮಳೆಗಾಲಕ್ಕೆ ಮುಂಚೆ ಬದಲಾಯಿಸಿ. ನುಸಿಗುಳಿಗೆ ಹಾಕುವುದಾದರೆ ಕಾಗದಕ್ಕೆ ತಾಗದಂತೆ ಬಟ್ಟೆಯಲ್ಲಿ ಕಟ್ಟಿ ಮೂಲೆಗೆ ಇಡಿ. ಒಣ ಬೇವಿನ ಸೊಪ್ಪು ನಮ್ಮ ಮನೆಯಲ್ಲಿ ಮೊದಲಿಂದಲೂ ಇಡುತ್ತಾರೆ, ನಾನೂ ಇಡುತ್ತೇನೆ. ಪುಟ ಹರಿದಿದ್ದರೆ ಸೆಲ್ಲೋಟೇಪ್ ಅಂಟಿಸಬೇಡಿ. ಟೇಪು ಉದುರಿ ಹೋದಮೇಲೂ ಅದರ ಕಂದು ಕಲೆ ಉಳಿಯುತ್ತದೆ. ಪಿನ್ನು ತುಕ್ಕು ಹಿಡಿದಿದ್ದರೆ ಅದರ ಕಾಲುಗಳನ್ನು ಉಗುರಿನಿಂದ ಮೆಲ್ಲಗೆ ನೇರ ಮಾಡಿ ಹಿಂದಿನಿಂದ ಹೊರಗೆ ತೆಗೆಯಿರಿ. ಅದೇ ತೂತಿನಲ್ಲಿ ಹತ್ತಿ ದಾರ ಪೋಣಿಸಿ ಗಂಟು ಹಾಕಿ. ಒದ್ದೆ ಆದ ಪುಸ್ತಕವನ್ನು ಬಿಸಿಲಿಗೆ ಹಾಕಬೇಡಿ, ಫ್ಯಾನಿನ ಕೆಳಗೆ ನೆರಳಲ್ಲಿ ಆರಿಸಿ.

ತಿಂಗಳಿಗೊಮ್ಮೆ ಎಲ್ಲ ತೆಗೆದು ಗಾಳಿ ಆಡಿಸಿ. ಆ ನೆಪದಲ್ಲಿ ಮತ್ತೆ ಓದಿದ ಹಾಗೂ ಆಗುತ್ತದೆ.

ನ್ಯೂಜೆರ್ಸಿಯಿಂದ

ನಿಮ್ಮಣ್ಣ ಹೇಳಿದ ದುಡ್ಡಿನ ವಿಷಯಕ್ಕೆ ಬರುತ್ತೇನೆ. ಇಲ್ಲಿ 1938ರಲ್ಲಿ 10 ಸೆಂಟ್‌ಗೆ ಮಾರಿದ, ಸೂಪರ್‌ಮ್ಯಾನ್ ಮೊದಲ ಸಲ ಬಂದ ಆ್ಯಕ್ಷನ್ ಕಾಮಿಕ್ಸಿನ ಒಂದು ಪ್ರತಿ 2024ರಲ್ಲಿ 60 ಲಕ್ಷ ಡಾಲರ್‌ಗೆ ಹೋಯಿತು. ಈ ಸುದ್ದಿ ಎಲ್ಲರಿಗೂ ಗೊತ್ತು. ಇದರ ಇನ್ನೊಂದು ಮಗ್ಗುಲು ಯಾರೂ ಹೇಳುವುದಿಲ್ಲ. 90ರ ದಶಕದ ಶುರುವಿನಲ್ಲಿ ಜನ ಕಾಮಿಕ್ಸನ್ನು ಷೇರಿನ ಹಾಗೆ ಕೊಂಡರು. 1991ರಲ್ಲಿ ಎಕ್ಸ್‌ಮೆನ್‌ನ ಹೊಸ ಸರಣಿಯ ಮೊದಲ ಸಂಚಿಕೆ 80 ಲಕ್ಷಕ್ಕೂ ಹೆಚ್ಚು ಪ್ರತಿ ಹೋಯಿತು. 1992ರಲ್ಲಿ ಸೂಪರ್‌ಮ್ಯಾನ್ ಸಾಯುವ ಸಂಚಿಕೆ ಕಪ್ಪು ಕವರಿನಲ್ಲಿ ಬಂತು, ಕವರ್ ಒಡೆಯದೆ ಇಟ್ಟವರು ಲೆಕ್ಕವಿಲ್ಲ. ಎಲ್ಲರೂ ಜೋಪಾನ ಮಾಡಿದ್ದರಿಂದ ಎಲ್ಲರ ಹತ್ತಿರವೂ ಇದೆ, ಅದಕ್ಕೆ ದೊಡ್ಡ ಬೆಲೆ ಬರಲೇ ಇಲ್ಲ. ಆ ಗುಳ್ಳೆ ಒಡೆದು ಎಷ್ಟೋ ಅಂಗಡಿ ಮುಚ್ಚಿದವು, 1996ರ ಡಿಸೆಂಬರ್‌ನಲ್ಲಿ ಎಕ್ಸ್‌ಮೆನ್ ತರುತ್ತಿದ್ದ ಮಾರ್ವೆಲ್ ಕಂಪನಿಯೇ ದಿವಾಳಿ ಅರ್ಜಿ ಹಾಕಿತು.

1938ರ ಪ್ರತಿ ಅಪರೂಪ ಆಗಿದ್ದು ಮಕ್ಕಳು ಅದನ್ನು ಓದಿ, ಮಡಚಿ, ಸ್ನೇಹಿತರಿಗೆ ಕೊಟ್ಟು, ಕೊನೆಗೆ ರದ್ದಿಗೆ ಹೋಗಿದ್ದರಿಂದ. ನಮ್ಮ ಕನ್ನಡದ ಇಂದ್ರಜಾಲಕ್ಕೂ ಆಗಿದ್ದು ಅದೇ ಅಲ್ವಾ? ಆದರೆ ನಮ್ಮದನ್ನು ಕೊಳ್ಳುವವರು ಕಡಿಮೆ, ಹಾಗಾಗಿ ಅಂಥ ಬೆಲೆ ಬರುತ್ತದೆ ಅಂತ ಕಾಯಬೇಡಿ. ಅದನ್ನು ಓದುವವರಿಗಾಗಿ ಉಳಿಸಿ. ತಿಂಗಳಿಗೆ ಇಷ್ಟು ಅಂತ ಒಂದು ಮಿತಿ ಹಾಕಿಕೊಳ್ಳಿ, ಮನೆಯವರಿಗೂ ಹೇಳಿಬಿಡಿ. ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಶಿವಮೊಗ್ಗದಿಂದ

ಈ ವಯಸ್ಸಿನಲ್ಲಿ ಯಾಕೆ ಅಂತ ನನ್ನನ್ನೂ ಕೇಳುತ್ತಿದ್ದರು. ಮಗಳಿಗೆ ಓದಿ ಹೇಳೋಕೆ ಶುರು ಮಾಡಿದೆ, ಮಾತು ನಿಂತಿತು. ಅನಂತ ಪೈ ನಮ್ಮ ಕಾರ್ಕಳದವರು, 1929ರಲ್ಲಿ ಹುಟ್ಟಿದವರು ಅಂತ ಹೇಳಿದರೆ ಅವಳಿಗೆ ಹೆಮ್ಮೆ. ಹಾಗೆಯೇ ಒಂದು ಸಲ ಅವಳೇ ಕೇಳಿದಳು, ರಾಕ್ಷಸರೆಲ್ಲ ಯಾಕಮ್ಮ ಕಪ್ಪಗಿದ್ದಾರೆ ಅಂತ. ದೊಡ್ಡವರು ಅಮರ ಚಿತ್ರ ಕಥೆಯ ಮೇಲೆ ಇದೇ ಟೀಕೆ ಮಾಡಿದ್ದಾರೆ. ಹೌದು ಪುಟ್ಟಿ, ಅದು ಸರಿಯಲ್ಲ ಅಂತ ಹೇಳಿದೆ, ಆ ಪುಟ ಇಟ್ಟುಕೊಂಡೇ ತುಂಬ ಹೊತ್ತು ಮಾತಾಡಿದೆವು. ಇಷ್ಟಪಡುವ ಪುಸ್ತಕದಲ್ಲಿ ತಪ್ಪಿದ್ದರೆ ಅದನ್ನೂ ನೋಡಬೇಕು. ಅಭಿಮಾನಿ ಆದವನು ನೋಡದಿದ್ದರೆ ಇನ್ನು ಯಾರು ನೋಡುತ್ತಾರೆ? ಮಕ್ಕಳ ಕೈಗೆ ಮರುಮುದ್ರಣ ಕೊಡಿ, ಹಳೆಯದನ್ನು ನೀವು ಹಿಡಿದು ತೋರಿಸಿ.

ಧಾರವಾಡದಿಂದ

ಒಂದು ವಿಷಯ ಯಾರೂ ಹೇಳಲಿಲ್ಲ, ಬೈಂಡ್ ಮಾಡಿಸಿದ ಪುಸ್ತಕ. ನಮ್ಮ ಕಡೆ ಹತ್ತಿಪ್ಪತ್ತು ಸಂಚಿಕೆ ಸೇರಿಸಿ ರಟ್ಟು ಹಾಕಿಸಿ ಇಡುತ್ತಿದ್ದರು. ಬೈಂಡಿಂಗ್‌ನವರು ಅಂಚು ಸಮ ಮಾಡೋಕೆ ಕತ್ತರಿಸಿರುತ್ತಾರೆ, ಕೆಲವು ಕಡೆ ಮಾತಿನ ಗುಳ್ಳೆಯ ಕೊನೆ ಅಕ್ಷರವೂ ಹೋಗಿರುತ್ತದೆ. ಸಂಗ್ರಹಕಾರರು ಇಂಥದನ್ನು ಕಂಡರೆ ಮುಖ ತಿರುಗಿಸುತ್ತಾರೆ. ನಾನು ಹುಡುಕಿ ಕೊಳ್ಳುತ್ತೇನೆ. ಬಿಡಿಯಾಗಿದ್ದವು ಎಲ್ಲೋ ಹೋದವು, ಕನ್ನಡದವು ಇಷ್ಟಾದರೂ ಉಳಿದಿದ್ದು ಈ ರಟ್ಟಿನ ಒಳಗೆ. ದಾರ ಬಿಚ್ಚಿ ಬಿಡಿ ಮಾಡೋಕೆ ಹೋಗಬೇಡಿ, ಬೆನ್ನು ಹರಿದು ಎರಡೂ ಕೆಡುತ್ತದೆ. ಒಳಗೆ ಬಾಡಿಗೆ ಲೈಬ್ರರಿಯ ಸೀಲು, ದಿನಕ್ಕೆ ಇಷ್ಟು ಪೈಸೆ ಅಂತ ಬರೆದ ಪೆನ್ಸಿಲ್ ಗುರುತು ಇದ್ದರೆ ಅಳಿಸಬೇಡಿ. ಅದು ಆ ಪ್ರತಿಯ ಚರಿತ್ರೆ.

ಒಂದು ನೋಟ್‌ಬುಕ್ ಇಟ್ಟು ಹೆಸರು, ಸಂಖ್ಯೆ, ಎಲ್ಲಿ ಸಿಕ್ಕಿತು, ಯಾವ ಪುಟ ಇಲ್ಲ ಅಂತ ಬರೆದಿಡಿ. ಇಂದ್ರಜಾಲದ್ದು ಮೊದಲು ಬರೀ ಸಂಖ್ಯೆ ಇತ್ತು, 80ರ ದಶಕದಲ್ಲಿ ಸಂಪುಟ ಮತ್ತು ಸಂಖ್ಯೆ ಅಂತ ಆಯಿತು. ಬರೆಯುವಾಗ ಎರಡನ್ನೂ ಕಲಸಬೇಡಿ. ಎರಡೆರಡು ಇದ್ದರೆ ಮಾರುವ ಬದಲು ಅದಲು ಬದಲು ಮಾಡಿಕೊಳ್ಳಿ, ಹಾಗೆಯೇ ಸ್ನೇಹ ಬೆಳೆಯುತ್ತದೆ. ನಿಮ್ಮ ಕಟ್ಟಿನಲ್ಲಿ ಏನೇನಿದೆ ಅಂತ ಪಟ್ಟಿ ಹಾಕಿ ಅಕ್ಕಾ. ನನ್ನ ಹತ್ತಿರ ಕನ್ನಡದ ಬಹಾದ್ದೂರ್ ಕೆಲವು ಎರಡೆರಡು ಇವೆ. ಬೆಂಗಳೂರಿನವರಿಗೂ ಬೇಕಾಗಬಹುದು, ಆದರೆ ಮೊದಲು ನಿಮಗೆ.